ಜೇಬಿನೊಳಗಿನ ಶಾನುಭೋಗ

ಬನ್ನೂರು ಎಂದೊಡನೆ ಹಳೆಯ ಮೈಸೂರಿನ ಕಡೆಯವರಿಗೆ ಮೊದಲು ನೆನಪಾಗುವುದು ಆ ಊರಿನ ಹೆಸರನ್ನೇ ಹೊತ್ತ ಕುರಿ. ಅನಂತರ ನೆನಪಾಗುವುದು ಕಾವೇರಿಯ ನಾಲೆ, ಬತ್ತದ ಬಯಲು, ಕಬ್ಬಿನ ಗದ್ದೆ. ಸೋಮನಾಥಪುರದ ಕೇಶವ ದೇವಾಲಯವನ್ನು ನೋಡಲು ಮೈಸೂರಿನಿಂದ ಹೊರಟವರಿಗೆ ಅದು ದಾರಿಯಲ್ಲಿ ಕಾಫಿ ಕುಡಿಯುವ ಊರು. ತಿರುಮಕೂಡಲು ನರಸೀಪುರ ತಾಲ್ಲೂಕಿಗೆ ಸೇರಿದ ಈ ಊರಿಗೆ 2025ರ ಸೆಪ್ಟೆಂಬರಿನಲ್ಲಿ ನಾನು ಹೋದದ್ದು ಮಾತ್ರ ಕುರಿಗಾಗಿಯೂ ಅಲ್ಲ, ಶಿಲ್ಪಕ್ಕಾಗಿಯೂ ಅಲ್ಲ. ಒಂದು ಮೊಬೈಲ್ ಫೋನು ಹೊಲಕ್ಕೆ ಹೋಗಿ ಏನು ಮಾಡುತ್ತದೆ ಎಂಬುದನ್ನು ಕಣ್ಣಾರೆ ನೋಡಲು.

ಬನ್ನೂರಿನ ಹತ್ತಿರ ನನ್ನ ಸೋದರಮಾವನವರಿಗೆ ಒಂದಿಷ್ಟು ಜಮೀನುಂಟು. ತಗ್ಗಿನಲ್ಲಿ ನಾಲೆಯ ನೀರು ಹರಿಯುವ ಗದ್ದೆ. ಅದರ ಮೇಲ್ಗಡೆ ಮಳೆಯನ್ನೇ ನಂಬಿದ ಹೊಲ. ಗದ್ದೆಯಲ್ಲಿ ಬತ್ತ, ಹೊಲದಲ್ಲಿ ರಾಗಿ. ಎರಡರ ನಡುವೆ ಸಾಲಾಗಿ ತೆಂಗಿನ ಮರಗಳು. ಹಿಂದಿನ ವರ್ಷ ಮಾವನವರ ರಾಗಿ ಚೆನ್ನಾಗಿಯೇ ಬಂದಿತ್ತು. ಸಂಕ್ರಾಂತಿ ಕಳೆದ ಮೇಲೆ ಬೆಂಬಲ ಬೆಲೆಗೆ ಮಾರಬೇಕೆಂದು ಹೊರಟಾಗ ಅವರಿಗೆ ತಿಳಿದ ಸಂಗತಿ ಇದು: ದಾಖಲೆಯ ಪ್ರಕಾರ ಅವರ ಹೊಲದಲ್ಲಿ ರಾಗಿಯೇ ಬೆಳೆದಿಲ್ಲ, ಅಲ್ಲಿ ಬೆಳೆದಿರುವುದು ಬತ್ತ! ಕಣಜದಲ್ಲಿ ರಾಗಿ, ಕಾಗದದಲ್ಲಿ ಬತ್ತ. 2024-25ನೆಯ ಸಾಲಿಗೆ ಕೇಂದ್ರ ಸರಕಾರ ರಾಗಿಗೆ ನಿಗದಿಮಾಡಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 4,290 ರೂಪಾಯಿ. ಮಾವನವರು ಅದಕ್ಕಿಂತ ಕಡಿಮೆಗೆ, ಮನೆಬಾಗಿಲಿಗೆ ಬಂದ ವರ್ತಕರಿಗೆ ತೂಗಿಕೊಟ್ಟರು.

ತಪ್ಪು ಯಾರದೆಂದು ಹುಡುಕುತ್ತ ಹೋದರೆ ಅದು ಮನೆಯೊಳಗೇ ಸಿಕ್ಕಿತು. ಬೆಳೆಯ ವಿವರವನ್ನು ಫೋನಿನಲ್ಲಿ ದಾಖಲಿಸಿದವನು ಮಾವನವರ ಮೊಮ್ಮಗ. ಮೈಸೂರಿನಲ್ಲಿ ಓದುವ ಹುಡುಗ. ಭಾನುವಾರದ ಬಸ್ಸು ತಪ್ಪೀತೆಂಬ ಅವಸರದಲ್ಲಿ ತೆಂಗಿನ ನೆರಳಿನಲ್ಲೇ ನಿಂತು ಎರಡು ಚಿತ್ರ ತೆಗೆದು, ಎರಡಕ್ಕೂ ಒಂದೇ ಬೆಳೆಯ ಹೆಸರನ್ನು ಒತ್ತಿ ಹೊರಟುಹೋಗಿದ್ದ. ಆಮೇಲೆ ಅದನ್ನು ಪರಿಶೀಲಿಸಿದವರು ಯಾರೂ ಇರಲಿಲ್ಲ.

ಒಂದು ಗಳಿಗೆಯ ಬೆರಳಾಟ ಒಂದು ವರ್ಷದ ಬೆಳೆಯ ಬೆಲೆಯನ್ನು ತಗ್ಗಿಸಬಹುದೆಂದ ಮೇಲೆ, ಇಂತಹ ಸಾಧನವನ್ನು ಹೇಗೆ ರೂಪಿಸುತ್ತಾರೆ, ಹೇಗೆ ರೂಪಿಸಬೇಕು ಎಂಬುದು ತಂತ್ರಜ್ಞರಿಗೆ ಮಾತ್ರ ಸಂಬಂಧಿಸಿದ ವಿಷಯವಾಗಿ ಉಳಿಯುವುದಿಲ್ಲ.

ಸರಪಳಿಯಿಂದ ಫೋನಿಗೆ

ಹೊಲದಲ್ಲಿ ಏನಿದೆಯೆಂದು ಬರೆದಿಡುವ ಕೆಲಸ ಹೊಸದಲ್ಲ. ‘ಪಹಣಿ’ ಎಂಬ ಪದವೇ ನೋಡುವುದು, ತನಿಖೆ ಮಾಡುವುದು ಎಂಬ ಅರ್ಥದ ಮರಾಠಿ ಮಾತಿನಿಂದ ಬಂದುದು. ಶಾನುಭೋಗರು ಊರಿನ ಹೊಲಗಳನ್ನು ಸುತ್ತಿ, ಯಾವ ನಂಬರಿನಲ್ಲಿ ಯಾವ ಪೈರು ಎಂದು ಲೆಕ್ಕದಲ್ಲಿ ಬರೆಯುತ್ತಿದ್ದರು. ಮೈಸೂರು ಸೀಮೆಯಲ್ಲಿ 1863ರಲ್ಲಿ ಮುಂಬಯಿ ಪದ್ಧತಿಯಂತೆ ಭೂಮಾಪನ ಆರಂಭವಾದಾಗ ಅಳತೆಗೆ ಬಳಸಿದ ಸರಪಳಿಯ ಉದ್ದ 33 ಅಡಿ. ಆ ಸರಪಳಿಯ ಒಂದು ಚದರವೇ ನಮ್ಮ ಗುಂಟೆ. ಅಂತಹ 40 ಗುಂಟೆ ಕೂಡಿದರೆ ಒಂದು ಎಕರೆ.

ಶಾನುಭೋಗಿಕೆಯಂತಹ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾನೂನು ರದ್ದುಪಡಿಸಿತು. 1963ರ ಫೆಬ್ರವರಿಯಿಂದ ಅದು ಜಾರಿಗೆ ಬಂದಿತು. ಸಂಬಳದ ಗ್ರಾಮಲೆಕ್ಕಿಗರು ಬಂದರು. 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಆದರೆ ಯಂತ್ರದೊಳಗಿನ ಬೆಳೆಯ ಅಂಕಣಕ್ಕೆ ಹೊಲದಿಂದ ಸುದ್ದಿ ಬರಬೇಕಷ್ಟೆ? ಒಬ್ಬ ನೌಕರ ಹಲವು ಊರುಗಳ ಸಾವಿರಾರು ತುಂಡು ಹೊಲಗಳನ್ನು ಮಳೆಗಾಲದ ಕೆಲವೇ ವಾರಗಳಲ್ಲಿ ನಡೆದು ನೋಡುವುದು ಆಗದ ಮಾತು. ಕುಳಿತಲ್ಲಿಂದಲೇ ಕಳೆದ ವರ್ಷದ ಬೆಳೆಯನ್ನೇ ಈ ವರ್ಷಕ್ಕೂ ಬರೆದುಬಿಡುವ ಆಸೆ ಯಾರಿಗಾದರೂ ಹುಟ್ಟೀತು.

ಈ ಕಂದಕವನ್ನು ದಾಟಲು ಕರ್ನಾಟಕ ಸರಕಾರ 2017ರ ಮುಂಗಾರಿನಿಂದ ಮೊಬೈಲ್ ಆ್ಯಪಿನ ಮೂಲಕ ಬೆಳೆ ಸಮೀಕ್ಷೆಯನ್ನು ಆರಂಭಿಸಿತು. ಊರಿನ ಯುವಕರನ್ನೇ ನೇಮಿಸಿಕೊಂಡು ಹೊಲಹೊಲಕ್ಕೆ ಕಳುಹಿಸಿದರು. 2020ರ ಮುಂಗಾರಿನಲ್ಲಿ, ಕೋವಿಡ್ ಹಾವಳಿಯ ಆ ವರ್ಷದಲ್ಲಿ, ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ರೈತನೇ ತನ್ನ ಬೆಳೆಯನ್ನು ತಾನೇ ದಾಖಲಿಸಬಹುದಾದ ಆ್ಯಪನ್ನು ಹೊರತಂದರು. ದಾಖಲಾದುದನ್ನು ರೈತ ನೋಡಿ, ತಪ್ಪಿದ್ದರೆ ಆಕ್ಷೇಪಣೆ ಸಲ್ಲಿಸಲು ‘ಬೆಳೆ ದರ್ಶಕ್’ ಎಂಬ ಮತ್ತೊಂದು ಆ್ಯಪ್ ಬಂದಿತು. ಮಹಾರಾಷ್ಟ್ರ 2021ರ ಆಗಸ್ಟ್ 15ರಂದು ‘ಇ-ಪೀಕ್ ಪಾಹಣಿ’ ಎಂಬ ಹೆಸರಿನಲ್ಲಿ ಇಂತಹುದನ್ನೇ ಕೈಗೊಂಡಿತು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ 2,817 ಕೋಟಿ ರೂಪಾಯಿಗಳ ಡಿಜಿಟಲ್ ಕೃಷಿ ಯೋಜನೆಯಲ್ಲಿ ಇಡೀ ದೇಶದ ಬೆಳೆ ಸಮೀಕ್ಷೆಯೂ ಸೇರಿದೆ.

ಹೀಗೆ, ಹಳೆಯ ಶಾನುಭೋಗ ಈಗ ಜೇಬಿನೊಳಗೆ ಬಂದು ಕುಳಿತಿದ್ದಾನೆ. ಅವನಿಗೆ ಮೂರು ಶಕ್ತಿಗಳು: ತಾನು ಎಲ್ಲಿದ್ದೇನೆಂದು ಅರಿಯಬಲ್ಲ, ಎದುರಿಗಿರುವುದನ್ನು ಚಿತ್ರಿಸಬಲ್ಲ, ಕಂಡದ್ದನ್ನು ನೂರಾರು ಜನಕ್ಕೆ ಕ್ಷಣದಲ್ಲಿ ತಲುಪಿಸಬಲ್ಲ. ಈ ಮೂರನ್ನೂ ಒಂದೊಂದಾಗಿ ನೋಡೋಣ.

ಆಕಾಶದ ಗಡಿಯಾರಗಳು

ಫೋನು ತನ್ನ ಸ್ಥಳವನ್ನು ಅರಿಯುವುದು ಆಕಾಶವನ್ನು ಕೇಳಿ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಜಿ.ಪಿ.ಎಸ್. ಉಪಗ್ರಹಗಳು ಸುತ್ತುತ್ತಿವೆ. ಪ್ರತಿಯೊಂದರಲ್ಲಿಯೂ ಅತಿ ನಿಖರವಾದ ಪರಮಾಣು ಗಡಿಯಾರವಿದೆ. ‘ಈಗ ಗಂಟೆ ಇಷ್ಟು, ನಾನು ಇಲ್ಲಿದ್ದೇನೆ’ ಎಂದು ಅವು ಸದಾ ಸಾರುತ್ತಿರುತ್ತವೆ. ಆ ರೇಡಿಯೋ ಅಲೆ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ವೇಗದಲ್ಲಿ ಬಂದು ಫೋನನ್ನು ಮುಟ್ಟುತ್ತದೆ. ಎಷ್ಟು ತಡವಾಗಿ ಬಂದಿತೆಂಬುದರಿಂದ ಎಷ್ಟು ದೂರದಿಂದ ಬಂದಿತೆಂದು ಫೋನು ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ಮಾತು ಕೇಳಿದರೆ ಸ್ಥಳ, ಎತ್ತರ, ವೇಳೆ ಎಲ್ಲವೂ ಗೊತ್ತಾಗುತ್ತವೆ.

ಇಲ್ಲಿ ಕಾಲವೇ ದೂರ. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೆ 300 ಮೀಟರ್ ತಪ್ಪಿದಂತೆ. ಐನ್‌ಸ್ಟೈನರ ಸಾಪೇಕ್ಷ ಸಿದ್ಧಾಂತದ ಪ್ರಕಾರ ಆ ಎತ್ತರದ ಗಡಿಯಾರಗಳು ನಮ್ಮವಕ್ಕಿಂತ ದಿನಕ್ಕೆ ಸೆಕೆಂಡಿನ ಹತ್ತು ಲಕ್ಷದ 38 ಪಾಲಿನಷ್ಟು ಮುಂದೆ ಓಡುತ್ತವೆ. ಅದನ್ನು ಸರಿಪಡಿಸದೆ ಬಿಟ್ಟರೆ ಸ್ಥಳದ ಲೆಕ್ಕ ದಿನಕ್ಕೆ 10 ಕಿಲೋಮೀಟರಿಗೂ ಹೆಚ್ಚು ತಪ್ಪುತ್ತದೆ. ಮೂರು ದಿನ ಕಳೆಯುವುದರೊಳಗೆ ಬನ್ನೂರಿನ ಗದ್ದೆ ಮೈಸೂರಿನ ಅರಮನೆಯ ಅಂಗಳಕ್ಕೆ ಬಂದುಬಿಡುತ್ತಿತ್ತು! ನಮ್ಮ ದೇಶವೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲ. ‘ನಾವಿಕ್’ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಮೇಲೇರಿತು. ಅದರ ಪಥದರ್ಶನ ಕೇಂದ್ರವಿರುವುದು ಬೆಂಗಳೂರಿನ ಬಳಿಯ ಬ್ಯಾಲಾಳು ಗ್ರಾಮದಲ್ಲಿ.

ಇಷ್ಟೆಲ್ಲ ಸಾಹಸದ ಬಳಿಕ ನಮ್ಮ ಕೈಯ ಫೋನು ತೆರೆದ ಆಕಾಶದ ಕೆಳಗೆ ಎಷ್ಟು ನಿಖರವಾಗಿ ಸ್ಥಳ ಹೇಳುತ್ತದೆ? ಸುಮಾರು 5 ಮೀಟರಿನಷ್ಟು ಆಚೀಚೆ. ಪೇಟೆಯಲ್ಲಿ ಆಟೋ ಕರೆಯುವವರಿಗೆ ಇದು ಧಾರಾಳವಾಗಿ ಸಾಕು. ಆದರೆ ಒಂದು ಗುಂಟೆಯ ಲೆಕ್ಕ ಬೇರೆ. 33 ಅಡಿಯೆಂದರೆ ಸುಮಾರು 10 ಮೀಟರ್. ಗುಂಟೆಯಗಲದ ತುಂಡಿನ ನಟ್ಟನಡುವೆ ನಿಂತರೂ ಬದು ಇರುವುದು 5 ಮೀಟರ್ ದೂರದಲ್ಲಿ. ಫೋನಿನ ತಪ್ಪು, ಬದುವಿನ ದೂರ ಎರಡೂ ಒಂದೇ! ತೆಂಗಿನ ಗರಿಗಳ ಮರೆಯಲ್ಲಿ, ಗೋಡೆಯ ಪಕ್ಕದಲ್ಲಿ ಅಲೆಗಳು ಚದರಿ, ತಡವರಿಸಿ ಬರುವುದರಿಂದ ತಪ್ಪು ಇನ್ನೂ ಹೆಚ್ಚುತ್ತದೆ. ಮೊಮ್ಮಗ ನಿಂತದ್ದು ರಾಗಿ ಹೊಲದ ಅಂಚಿನಲ್ಲಿ. ಪರದೆಯ ಮೇಲಿನ ಚುಕ್ಕೆ ಕುಳಿತದ್ದು ಕೆಳಗಿನ ಗದ್ದೆಯಲ್ಲಿ.

ಆದುದರಿಂದ ಸ್ಥಳವನ್ನು ನೆಚ್ಚಿ ಆ್ಯಪನ್ನು ರೂಪಿಸುವವನು ಮೊದಲು ಕಲಿಯಬೇಕಾದುದು ವಿನಯ. ಚುಕ್ಕೆಯೊಂದನ್ನು ತೋರಿಸಿ ‘ನೀವು ಇಲ್ಲಿದ್ದೀರಿ’ ಎಂದು ಗದರುವುದಕ್ಕಿಂತ, ಚುಕ್ಕೆಯ ಸುತ್ತ ವೃತ್ತವನ್ನೆಳೆದು ‘ಇದರೊಳಗೆ ಎಲ್ಲೋ ಇದ್ದೀರಿ’ ಎಂದು ತಿಳಿಸುವುದು ಪ್ರಾಮಾಣಿಕತೆ. ವೃತ್ತ ದೊಡ್ಡದಾಗಿದ್ದರೆ ‘ಮರದ ನೆರಳಿನಿಂದ ಈಚೆ ಬನ್ನಿ, ಒಂದು ನಿಮಿಷ ತಾಳಿ’ ಎಂದು ಹೇಳುವುದು ಜಾಣತನ. ವೃತ್ತ ಎರಡು ಹೊಲಗಳನ್ನೂ ಮುಟ್ಟುತ್ತಿದ್ದರೆ ‘ಇವೆರಡರಲ್ಲಿ ನಿಮ್ಮದು ಯಾವುದು?’ ಎಂದು ಕೇಳುವುದು ನ್ಯಾಯ. ಸರ್ವೆ ನಂಬರಿನ ಗೆರೆಗಳನ್ನು ನಕ್ಷೆಯ ಮೇಲೆ ತೋರಿಸುವ ‘ದಿಶಾಂಕ್’ ಎಂಬ ಆ್ಯಪ್ ನಮ್ಮ ರಾಜ್ಯದಲ್ಲಿದೆ. ನಿಂತ ನೆಲದ ನಂಬರನ್ನು ಅದು ಹೇಳುತ್ತದೆ. ನಿವೇಶನ ಕೊಳ್ಳಹೊರಟ ಪಟ್ಟಣಿಗರಿಗೂ ಅದು ಉಪಯುಕ್ತವೆ. ಆದರೆ ಅದರ ಗೆರೆಯನ್ನೇ ನಂಬಿ ಬೇಲಿ ಹಾಕಲು ಹೊರಟರೆ ವ್ಯಾಜ್ಯ ಖಂಡಿತ. ಗಡಿಯನ್ನು ತೀರ್ಮಾನಿಸುವುದು ಇಂದಿಗೂ ಭೂಮಾಪಕರ ಅಳತೆಯೇ.

ಕ್ಯಾಮರಾ ಕಂಡದ್ದು, ಕಾಣದ್ದು

ಎರಡನೆಯ ಶಕ್ತಿ ಕ್ಯಾಮರಾ. ಫೋನಿನ ಚಿತ್ರ ಬರಿಯ ಚಿತ್ರವಲ್ಲ. ತೆಗೆದ ದಿನ, ಗಂಟೆ, ಸ್ಥಳದ ಅಕ್ಷಾಂಶ ರೇಖಾಂಶಗಳು ಅದರ ಬೆನ್ನಿನ ಮೇಲೆ ಕಾಣದಂತೆ ಬರೆದಿರಬಹುದು. ಸಮೀಕ್ಷೆಯಂತಹ ಕೆಲಸಕ್ಕೆ ಇದು ವರ. ಇಂತಹ ಆ್ಯಪಿನಲ್ಲಿ ಮನೆಯಲ್ಲಿ ಕುಳಿತು ಹಳೆಯ ಚಿತ್ರವನ್ನು ಆರಿಸಿ ಕಳುಹಿಸಲು ಬಿಡಬಾರದು. ಹೊಲಕ್ಕೆ ಹೋಗಿ, ಅಲ್ಲಿಯೇ ಹೊಸದಾಗಿ ತೆಗೆಯಬೇಕು ಎಂಬ ಕಟ್ಟು ಇರಬೇಕು.

ಆದರೆ ಮನುಷ್ಯನ ಜಾಣ್ಮೆ ಯಂತ್ರಕ್ಕಿಂತ ಒಂದು ಗೇಣು ಮುಂದು. ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯ ಕೂಲಿಗಾರರ ಹಾಜರಿಗೆ 2021ರ ಮೇ ತಿಂಗಳಲ್ಲಿ ಒಂದು ಆ್ಯಪ್ ಬಂದು, 2023ರ ಜನವರಿ 1ರಿಂದ ಕಡ್ಡಾಯವಾಯಿತು. ಕೆಲಸದ ಸ್ಥಳದಲ್ಲಿ ದಿನಕ್ಕೆರಡು ಬಾರಿ ಚಿತ್ರ ತೆಗೆದು, ಸ್ಥಳದ ಗುರುತಿನೊಡನೆ ಕಳುಹಿಸಬೇಕಾಗಿತ್ತು. 2025ರ ಜುಲೈಯಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಇಲಾಖೆಯೇ ರಾಜ್ಯಗಳಿಗೆ ಬರೆದ ಪತ್ರದಲ್ಲಿ ಅದರ ದುರುಪಯೋಗಗಳನ್ನು ಪಟ್ಟಿಮಾಡಿತು. ಸಂಬಂಧವೇ ಇಲ್ಲದ ಚಿತ್ರಗಳು, ಚಿತ್ರದ ಚಿತ್ರಗಳು, ತಲೆಯ ಎಣಿಕೆ ಹೊಂದದ ಚಿತ್ರಗಳು! ಕ್ಯಾಮರಾ ಸುಳ್ಳು ಹೇಳುವುದಿಲ್ಲವೆಂಬ ಗಾದೆಯಂತಹ ಮಾತು ಹಳೆಯದಾಯಿತು. ಕ್ಯಾಮರಾ ತನ್ನ ಮುಂದೆ ಹಿಡಿದುದನ್ನು ಹೇಳುತ್ತದೆ, ಅಷ್ಟೆ.

ಸುಳ್ಳಿಲ್ಲದಿದ್ದರೂ ಕಾಣದೆ ಹೋಗುವ ಸಂಗತಿಗಳುಂಟು. ನಮ್ಮ ಕಡೆಯ ರಾಗಿ ಹೊಲದಲ್ಲಿ ರಾಗಿಯೊಂದೇ ಇರುವುದು ಅಪರೂಪ. ಕೆಲವು ಸಾಲು ರಾಗಿಗೊಂದು ಸಾಲು ಅವರೆ. ಅಂಚಿಗೆ ಹರಳು, ಸಾಸಿವೆ, ಜೋಳ. ಇದಕ್ಕೆ ಅಕ್ಕಡಿ ಎಂದು ಹೆಸರು. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಅವರೆ ಸಂಸಾರವನ್ನು ಕಾಯುತ್ತದೆ. ಸಾರಿಗೂ ಆಯಿತು, ಸಂತೆಗೂ ಆಯಿತು. ಸೆಪ್ಟೆಂಬರಿನಲ್ಲಿ ತೆಗೆದ ಚಿತ್ರದಲ್ಲಿ ರಾಗಿ ಮಾತ್ರ ಎದ್ದು ಕಾಣುತ್ತದೆ. ಅವರೆ ಇನ್ನೂ ಎಳೆಯ ಬಳ್ಳಿ. ಬೆಳೆಯ ಪಟ್ಟಿಯಲ್ಲಿ ಒಂದೇ ಹೆಸರನ್ನು ಆರಿಸಲು ಎಡೆಯಿಟ್ಟರೆ ಹೆಣ್ಣುಮಕ್ಕಳ ಕೈಯ ಅಕ್ಕಡಿಯ ಆದಾಯವೆಲ್ಲ ದಾಖಲೆಯಿಂದ ಜಾರಿಹೋಗುತ್ತದೆ. ಸಮೀಕ್ಷೆಯ ಆ್ಯಪಿನಲ್ಲಿ ಮಿಶ್ರ ಬೆಳೆಗೆ ಅವಕಾಶವಿರುವುದು ಹೊಲದ ಅರಿವಿದ್ದವರು ಆ ಕೆಲಸದಲ್ಲಿ ಕೈಹಾಕಿದ್ದಾರೆಂಬುದಕ್ಕೆ ಸಾಕ್ಷಿ. ಅದನ್ನು ಉಪಯೋಗಿಸಿಕೊಳ್ಳುವ ವ್ಯವಧಾನ ಒತ್ತುವ ಬೆರಳಿಗೂ ಇರಬೇಕು.

ಕಡಿಮೆ ಮಾಡಿದವರ ಕತೆ

ಸ್ಥಳ, ಚಿತ್ರ, ಗೆಳೆತನ ಈ ಮೂರನ್ನೂ ಹೆಣೆದರೆ ಆ್ಯಪ್ ತಾನಾಗಿಯೇ ಚೆನ್ನಾಗಿರುತ್ತದೆಂದು ತಿಳಿಯಬಾರದು. ಇದಕ್ಕೆ ಅಮೆರಿಕದ ಒಂದು ಸ್ವಾರಸ್ಯದ ನಿದರ್ಶನವುಂಟು. ಕೆವಿನ್ ಸಿಸ್ಟ್ರೋಮ್ ಎಂಬ ತರುಣ ‘ಬರ್ಬನ್’ ಎಂಬ ಆ್ಯಪನ್ನು ಕಟ್ಟಿದ್ದ. ತಾನಿರುವ ಸ್ಥಳವನ್ನು ಗೆಳೆಯರಿಗೆ ತಿಳಿಸಬಹುದು, ಮುಂದೆ ಎಲ್ಲಿ ಸೇರೋಣವೆಂದು ಯೋಜನೆ ಹಾಕಬಹುದು, ಚಿತ್ರ ಹಂಚಬಹುದು. ಹೀಗೆ ಹಲವು ಅನುಕೂಲಗಳು. ಜನ ಗೊಂದಲಗೊಂಡರು. ಆದರೆ ಚಿತ್ರ ಹಂಚುವುದನ್ನು ಮಾತ್ರ ಇಷ್ಟಪಟ್ಟು ಬಳಸುತ್ತಿದ್ದರು. ಅದನ್ನು ಗಮನಿಸಿದ ಸಿಸ್ಟ್ರೋಮ್, ಜೊತೆಗಾರ ಮೈಕ್ ಕ್ರೀಗರನೊಡನೆ ಉಳಿದುದನ್ನೆಲ್ಲ ಕಿತ್ತೊಗೆದು, ಚಿತ್ರವನ್ನೇ ಮುಖ್ಯವಾಗಿಸಿ ಹೊಸದಾಗಿ ರೂಪಿಸಿದ. 2010ರ ಅಕ್ಟೋಬರಿನಲ್ಲಿ ಹೊರಬಂದ ಅದೇ ಇಂದು ಮನೆಮನೆಯ ಮಕ್ಕಳ ಕೈಯಲ್ಲಿರುವ ಇನ್‌ಸ್ಟಾಗ್ರಾಂ.

ಜನ ನಿಜವಾಗಿ ಮಾಡುವುದೇನೆಂದು ಕಾದು ನೋಡಿದ್ದರಿಂದ ಆ ತರುಣರು ಗೆದ್ದರು. ಇದೇ ನೋಟದಿಂದ ಬನ್ನೂರಿನ ಹೊಲವನ್ನು ನೋಡಿದರೆ ರೂಪಿಸುವವನಿಗೆ ಎಷ್ಟೋ ಪಾಠಗಳು ಸಿಕ್ಕುತ್ತವೆ. ಬಿಸಿಲಿನಲ್ಲಿ ಪರದೆ ಮಸುಕು. ಆದುದರಿಂದ ಅಕ್ಷರ ದಪ್ಪಗಿರಬೇಕು. ಕೈಗೆ ಕೆಸರು ಮೆತ್ತಿರುತ್ತದೆ, ಗುಂಡಿಗಳು ದೊಡ್ಡವಾಗಿರಬೇಕು. ಹೊಲದಲ್ಲಿ ನೆಟ್‌ವರ್ಕ್ ಬರುವುದೂ ಉಂಟು, ಬಾರದಿರುವುದೂ ಉಂಟು. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು, ಚಿತ್ರವನ್ನು ಫೋನಿನಲ್ಲೇ ಕಾದಿಟ್ಟು, ಆಮೇಲೆ ಕಳುಹಿಸಲು ಆಗಬೇಕು. ಬೆಳೆಯ ಹೆಸರು ಇಲಾಖೆಯ ಕಾಗದದಲ್ಲಿರುವಂತಲ್ಲದೆ ಜನ ಕರೆಯುವಂತೆ ಇರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ‘ಕಳುಹಿಸು’ ಎಂದು ಒತ್ತುವ ಮುನ್ನ ‘ನೀವು ಹೇಳಿದ್ದು ಇದು, ಸರಿಯೆ?’ ಎಂದು ಓದಿ ಹೇಳಬೇಕು. ಹಿಂದೆ ಪತ್ರ ಬರೆದುಕೊಡುತ್ತಿದ್ದವರು ಕೊನೆಯಲ್ಲಿ ಒಮ್ಮೆ ಓದಿ ಹೇಳುತ್ತಿರಲಿಲ್ಲವೆ? ಅದೇ ರೀತಿ.

ಫೋನು ಯಾರ ಕೈಯಲ್ಲಿ?

ಮೂರನೆಯ ಶಕ್ತಿಯಾದ ಸಂಪರ್ಕದ ವಿಚಾರ ಸ್ವಲ್ಪ ಸೂಕ್ಷ್ಮ. ಹಂಚಿಕೊಳ್ಳುವುದು ಸುಲಭವಾದಷ್ಟೂ ಹಂಚಬಾರದ್ದು ಸೋರುವುದೂ ಸುಲಭ. ಓಡುವವರು, ಸೈಕಲ್ ಹೊಡೆಯುವವರು ತಮ್ಮ ದಾರಿಯನ್ನು ದಾಖಲಿಸುವ ‘ಸ್ಟ್ರಾವಾ’ ಎಂಬ ಆ್ಯಪ್ ಎಲ್ಲರ ಓಟವನ್ನೂ ಒಂದೇ ಜಗತ್ತಿನ ನಕ್ಷೆಯಲ್ಲಿ ಹೊಳೆಯಿಸಿ ತೋರಿಸಿತು. 2018ರ ಜನವರಿಯಲ್ಲಿ ಆ ನಕ್ಷೆಯನ್ನು ಕೂಲಂಕಷವಾಗಿ ನೋಡಿದವರಿಗೆ ಮರುಭೂಮಿಗಳ ನಡುವೆ ಬೆಳಕಿನ ಗೆರೆಗಳು ಕಂಡವು. ಸೈನಿಕರು ಬೆಳಗಿನ ವ್ಯಾಯಾಮಕ್ಕೆ ಓಡಿದ ದಾರಿಗಳು ಅವು. ಗುಪ್ತವಾಗಿರಬೇಕಾದ ಶಿಬಿರಗಳು ಹೀಗೆ ಬಯಲಾದವು. ಯಾರೂ ಬೇಕೆಂದು ಗುಟ್ಟು ಒಡೆದಿರಲಿಲ್ಲ. ಹಂಚುವುದೇ ಸಹಜಸ್ಥಿತಿ, ಮುಚ್ಚಿಡುವುದೇ ವಿಶೇಷ ಎಂದು ಆ್ಯಪನ್ನು ರೂಪಿಸಿದ್ದರಿಂದ ಆದ ಫಲ ಅದು. ಮನೆಯ ಮುಂದೆ ನಿಂತ ಮಗುವಿನ ಚಿತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕುವ ನಮ್ಮ ನಗರದ ತಾಯಿತಂದೆಗಳು ಇದನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಹೊಲದ ಮಟ್ಟಿಗೆ ಪ್ರಶ್ನೆ ಬೇರೊಂದು. ಜಮೀನು ಒಬ್ಬರ ಹೆಸರಿನಲ್ಲಿ, ದುಡಿಮೆ ಇನ್ನೊಬ್ಬರದು, ಫೋನು ಮೂರನೆಯವರದು. ಎಷ್ಟೋ ಪಹಣಿಗಳು ತೀರಿಕೊಂಡ ತಾತಂದಿರ ಹೆಸರಿನಲ್ಲೇ ಉಳಿದಿವೆ. 1974ರ ಮಾರ್ಚ್ 1ರಿಂದ ಕಾನೂನಿನ ದೃಷ್ಟಿಯಲ್ಲಿ ಗೇಣಿ ಇಲ್ಲ. ಬಾಯಿಮಾತಿನ ಗುತ್ತಿಗೆ, ವಾರ ಮಾತ್ರ ಉಳಿದುಕೊಂಡಿವೆ. ಈ ವಾರಪತ್ರಿಕೆಯನ್ನು ಓದುವವರಲ್ಲಿಯೇ ಹಲವರ ಪಿತ್ರಾರ್ಜಿತ ಹೊಲವನ್ನು ಊರಿನಲ್ಲಿ ಬೇರೆಯವರು ಉಳುತ್ತಿರಬಹುದು. ಬೆಳೆ ಹಾಳಾದರೆ ಪರಿಹಾರದ ಹಣ ದಾಖಲೆಯಲ್ಲಿರುವ ಹೆಸರನ್ನು ಹುಡುಕಿಕೊಂಡು ಬೆಂಗಳೂರಿಗೋ ಮೈಸೂರಿಗೋ ಬರುತ್ತದೆ. ಬೀಜ ಬಿತ್ತಿದವನ ಮನೆಗೆ ಬರುವುದಿಲ್ಲ. ಉಪಗ್ರಹ ಬದುವನ್ನು ತೋರಿಸಬಲ್ಲದು, ಕ್ಯಾಮರಾ ಪೈರನ್ನು ತೋರಿಸಬಲ್ಲದು. ಬೆವರು ಯಾರದೆಂದು ಎರಡೂ ಹೇಳಲಾರವು. ಅದನ್ನು ಹೇಳಬೇಕಾದವರು ನಾವು. ಅಂತಹ ಹಣ ಖಾತೆಗೆ ಬಂದಾಗ ಊರಿಗೆ ಒಂದು ಮಾತು ತಿಳಿಸುವುದಕ್ಕೆ ಯಾವ ಆ್ಯಪೂ ಬೇಕಿಲ್ಲ.

ಬದುವಿನ ಮೇಲೆ

ಈಗ ಮತ್ತೆ ಮಾವನವರ ಹೊಲಕ್ಕೆ ಬರೋಣ. ಈ ಸಲ ಅವರು ಮೊಮ್ಮಗನನ್ನು ಒಬ್ಬನನ್ನೇ ಬಿಡಲಿಲ್ಲ. ಮೊಳಕಾಲ ಮೇಲೆ ಪಂಚೆ ಕಟ್ಟಿ, ಕೋಲು ಹಿಡಿದು ತಾವೂ ಹೊರಟರು. ಹಿಂದೆ ನಾನು. ಹುಡುಗ ಎಂದಿನಂತೆ ತೆಂಗಿನ ನೆರಳಿಗೆ ಹೋಗಿ ನಿಂತ.

“ಅಲ್ಲೇ ನಿಂತ್ಕೊಂಡು ಹೋದ ವರ್ಷ ಕೆಡಿಸಿದ್ದು. ಈಚೆಗೆ ಬಾ ಮಗ, ಹೊಲದ ಮಧ್ಯಕ್ಕೆ,” ಎಂದರು ಮಾವ.

“ಬಿಸಿಲು ತಾತ, ಏನೂ ಕಾಣಿಸೋದಿಲ್ಲ.”

“ರಾಗಿಗೂ ಬಿಸಿಲೇ ಅಲ್ವಾ? ಬಾ.”

ಹೊಲದ ನಡುವೆ ನಿಂತು ಎರಡು ನಿಮಿಷ ಕಾದೆವು. ಪರದೆಯ ಮೇಲಿನ ಚುಕ್ಕೆ ಗದ್ದೆಯಿಂದ ಬದುವಿಗೆ, ಬದುವಿನಿಂದ ಹೊಲಕ್ಕೆ ನಿಧಾನವಾಗಿ ತೆವಳಿ ಬಂದು ನಿಂತಿತು. ಹುಡುಗ ಚಿತ್ರ ತೆಗೆದ. ‘ರಾಗಿ’ ಎಂದು ಒತ್ತಿದ. ಮಾವನವರು ಅವನ ಭುಜದ ಮೇಲಿಂದ ಬಾಗಿ ನೋಡಿ, “ಅವರೆ ಎಲ್ಲಿ? ನಿಮ್ಮಜ್ಜಿ ಹಾಕಿರೋ ಅವರೆ?” ಎಂದು ಕೇಳಿದರು. ಹುಡುಗ ಹಿಂದಿರುಗಿ ಮಿಶ್ರ ಬೆಳೆಯನ್ನು ಆರಿಸಿ ಎರಡನ್ನೂ ಬರೆದ. ಮಾವನವರು ಅಲ್ಲಿಯೇ ಅದನ್ನು ಗಟ್ಟಿಯಾಗಿ ಓದಿಸಿ ಕೇಳಿದ ಮೇಲೆಯೇ ಮುಂದಿನ ತುಂಡಿಗೆ ಹೆಜ್ಜೆ ಇಟ್ಟದ್ದು.

ಪಕ್ಕದ ಹೊಲ ಒಬ್ಬ ವಿಧವೆಯದು. ಆಕೆಯ ಬಳಿ ಇರುವುದು ಗುಂಡಿಯ ಹಳೆಯ ಫೋನು. ಕ್ಯಾಮರಾದ ಮಾತೇ ಇಲ್ಲ. ಹೋದ ವರ್ಷ ತಮಗೆ ಆದ ನಷ್ಟವನ್ನು ನೆನೆದೋ ಏನೋ, ಮಾವನವರು ಬದುವಿನ ಆಚೆಗೆ ಕೂಗಿದರು: “ನಮ್ಮ ಹುಡುಗ ಬಂದವ್ನೆ ಕಣವ್ವ, ನಿನ್ನ ಹೊಲದ್ದೂ ಈಗಲೇ ಆಗಿಹೋಗಲಿ!”

ಆಕೆಯ ನಂಬರನ್ನು ಹಾಕಿದೊಡನೆ ಗುಪ್ತಸಂಖ್ಯೆ ಆಕೆಯ ಫೋನಿಗೆ ಬಂದಿತು. ಆಕೆ ಅದನ್ನು ಒಂದೊಂದೇ ಅಂಕಿಯಾಗಿ ಹೊಲದ ಆ ತುದಿಯಿಂದ ಇಡೀ ಬಯಲಿಗೆ ಕೇಳುವಂತೆ ಕೂಗಿ ಹೇಳಿದರು. ಗುಪ್ತವೆಂಬುದು ಅಲ್ಲಿಗೆ ಮುಗಿಯಿತು! ಬ್ಯಾಂಕಿನ ವ್ಯವಹಾರದಲ್ಲಿ ಹೀಗೆ ಮಾಡಬಾರದೆಂದು ಹುಡುಗ ಆಕೆಗೆ ಹತ್ತಿರ ಹೋಗಿ ತಿಳಿಯಹೇಳಿದ. ಆಮೇಲೆ ಆಕೆಯ ರಾಗಿಯ ಚಿತ್ರ, ಅಂಚಿನ ಹರಳಿನ ಚಿತ್ರ ಎರಡೂ ಫೋನಿನೊಳಗೆ ಸೇರಿದವು.

ಹೊಲದಲ್ಲಿ ನೆಟ್‌ವರ್ಕ್ ಸಾಲದೆ ಹೋದುದರಿಂದ ಎಲ್ಲವನ್ನೂ ಮನೆಗೆ ಬಂದು ಮಾಳಿಗೆಯನ್ನೇರಿ ಕಳುಹಿಸಬೇಕಾಯಿತು. ಕೆಳಗೆ ಅತ್ತೆ ಕಾಫಿಗೆ ಕರೆಯುತ್ತಿದ್ದರು. ಮಾವನವರು ಏಳಲಿಲ್ಲ; ‘ಯಶಸ್ವಿಯಾಗಿ ತಲುಪಿದೆ’ ಎಂಬ ಮಾತನ್ನು ಹುಡುಗ ಓದಿ ಹೇಳುವವರೆಗೂ ಮೆಟ್ಟಿಲ ಮೇಲೆಯೇ ಕುಳಿತಿದ್ದರು. ಓದಿದ ಮೇಲೆ ಕೇಳಿದರು:

“ಆಕೇದೂ ಹೋಯ್ತಾ?”

“ಹೋಯ್ತು ತಾತ.”

“ಸರಿ. ಇನ್ನು ಹದಿನೈದು ದಿನ ಬಿಟ್ಟು ಇಬ್ಬರದ್ದೂ ಇನ್ನೊಂದ್ಸಲ ತೆಗೆದು ನೋಡು. ಏನು ಬರ್ಕೊಂಡವ್ರೆ ಅಂತ ನಂಗೆ ಹೇಳು.”

ಅಕ್ಟೋಬರಿನಲ್ಲಿ ಹುಡುಗನಿಂದ ನನಗೆ ಒಂದು ಚಿತ್ರ ಬಂದಿತು. ಪರದೆಯ ಮೇಲೆ ಮಾವನವರ ಸರ್ವೆ ನಂಬರು, ಅದರ ಎದುರಿಗೆ ರಾಗಿ, ಅದರ ಕೆಳಗೆ ಅವರೆ. ಜೇಬಿನೊಳಗಿನ ಶಾನುಭೋಗ ಈ ಸಲ ಸರಿಯಾಗಿ ಬರೆದುಕೊಂಡಿದ್ದ. ಪಕ್ಕದಲ್ಲಿ ನಿಂತು ಬರೆಯಿಸಿದವರೊಬ್ಬರು ಇದ್ದರಲ್ಲ!